ದುಬೈ ಗಾಲ್ಫ್ ಕೋರ್ಸಿನ ಹುಲ್ಲಿನ ಕೆಲಸ: ದಾವಣಗೆರೆಯಿಂದ ಹೊರಡುವವರಿಗೆ ನನ್ನ ಅನುಭವ

ಗಾಲ್ಫ್ ಕೋರ್ಸಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಹೋದ ವರ್ಷ ದುಬೈಗೆ ಹೋಗಿದ್ದೆ. ಮೊದಲ ಸೀಸನ್ ಮುಗಿಸಿ ಈಗ ರಜೆಗೆ ಊರಿಗೆ ಬಂದಿದ್ದೇನೆ. ಬಂದಾಗಿನಿಂದ ಹರಿಹರ, ಮಲೇಬೆನ್ನೂರು, ಜಗಳೂರು ಕಡೆಯ ಹುಡುಗರು ಫೋನ್ ಮಾಡುತ್ತಲೇ ಇದ್ದಾರೆ. ಎಷ್ಟು ದುಡ್ಡು ಕೊಟ್ಟೆ ಅಣ್ಣ, ಏಜೆಂಟ್ ನಂಬರ್ ಕೊಡು, ಇಂಗ್ಲಿಷ್ ಬರಲೇಬೇಕಾ, ಬಿಸಿಲು ತಡೆಯೋಕೆ ಆಗುತ್ತಾ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಮೊದಲಿಂದ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮ ಹೊಲದ ಕೆಲಸದ ಹಾಗೆಯೇ ಇದಕ್ಕೂ ಒಂದು ಹಂಗಾಮು ಇದೆ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ದುಬೈನಲ್ಲಿ ಜನ ಗಾಲ್ಫ್ ಆಡುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಜಾಸ್ತಿ. ಅದಕ್ಕೆ ಮೈದಾನ ತಯಾರಾಗುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ. ಕೈ ಜಾಸ್ತಿ ಬೇಕಾಗುವುದೂ ಆಗಲೇ. ಅಷ್ಟರೊಳಗೆ ಅಲ್ಲಿ ಇರಬೇಕೆಂದರೆ ಇಲ್ಲಿ ಯುಗಾದಿ ಮುಗಿಯುತ್ತಲೇ ಕಾಗದಪತ್ರ ಹಿಡಿಯಬೇಕು. ಜೂನ್‌ನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಆಗಸ್ಟ್‌ನಲ್ಲಿ ವಿಮಾನ ಹತ್ತುತ್ತೇನೆ ಅಂದುಕೊಂಡವರು ನನ್ನ ಕಣ್ಣೆದುರೇ ಉಳಿದುಹೋದರು.

ನಮ್ಮ ಊರು ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ನೀರು ಬಂದರೆ ಭತ್ತ, ಬರದಿದ್ದರೆ ಮೆಕ್ಕೆಜೋಳ. ಎಸ್ಸೆಸ್ಸೆಲ್ಸಿ ಮುಗಿಸಿ ಸ್ವಲ್ಪ ವರ್ಷ ಹೊಲದಲ್ಲೇ ಇದ್ದೆ. ಆಮೇಲೆ ಬೆಂಗಳೂರಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಕಂಟ್ರಾಕ್ಟರ್ ಕಡೆಯಿಂದ ಕೆಲಸಕ್ಕೆ ಸೇರಿದೆ. ಮೊದಲು ಬಂಕರ್‌ಗಳ, ಅಂದರೆ ಮೈದಾನದ ಮರಳುಗುಂಡಿಗಳ, ಮರಳು ಕೆದರಿ ಸಮ ಮಾಡುವ ಕೆಲಸ. ಆಮೇಲೆ ಫೇರ್‌ವೇನಲ್ಲಿ, ಅಂದರೆ ಗ್ರೀನ್‌ವರೆಗೆ ಹೋಗುವ ಹುಲ್ಲಿನ ಹಾದಿಯಲ್ಲಿ, ಆಟಗಾರರ ಏಟಿಗೆ ಕಿತ್ತುಬಂದ ಜಾಗಕ್ಕೆ ಮರಳು ತುಂಬುವುದು. ಕೊನೆಗೆ ಗ್ರೀನ್ ಮೇಲೆ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ತಳ್ಳಲು ಕೊಟ್ಟರು. ಗ್ರೀನ್ ಅಂದರೆ ಚೆಂಡು ಬೀಳುವ ಕುಳಿ ಇರುವ ಜಾಗ. ಅಲ್ಲಿ ಹುಲ್ಲು 3 ಮಿಲಿಮೀಟರ್ ಆಸುಪಾಸು ಎತ್ತರದಲ್ಲಿರಬೇಕು. ಬ್ಲೇಡಿನ ಎತ್ತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾರನೇ ದಿನ ಗೆರೆ ಕಾಣುತ್ತದೆ. ಈ ಕೆಲಸ ನನಗೆ ತುಂಬಾ ಹಿಡಿಸಿತು. ಬೆಳಗಿನ ಜಾವ ಇಬ್ಬನಿ ಇರುವಾಗ ಗ್ರೀನ್ ಕತ್ತರಿಸಿ ತಿರುಗಿ ನೋಡಿದರೆ ಗೆರೆಗಳು ನೇರ ಇರಬೇಕು. ಅದು ನೇರ ಬಂದ ದಿನ ಇಡೀ ದಿನ ಮನಸ್ಸು ಚೆನ್ನಾಗಿರುತ್ತಿತ್ತು.

ಅಲ್ಲಿ ನಮ್ಮ ಮೇಲಿದ್ದ ಸೂಪರ್‌ವೈಸರ್ ಮೊದಲು ದುಬೈನಲ್ಲಿ ಕೆಲಸ ಮಾಡಿದ್ದವರು. "ನಿನ್ನ ಕೈ ಚೆನ್ನಾಗಿದೆ, ಟ್ರೈ ಮಾಡು" ಅಂದವರು ಅವರೇ. ಮನೆಯಲ್ಲಿ ಹೇಳಿದಾಗ ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಯಾವ ಹುಲ್ಲು ಬೆಳೆಸ್ತಾರೆ ಅಲ್ಲಿ?" ಬರ್ಮುಡಾ ಅಂದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಅಪ್ಪ ನೋಡಿದ ಕೂಡಲೇ ಗುರುತು ಹಿಡಿದರು. "ಇದು ಗರಿಕೆ ಅಲ್ಲೇನೋ! ಹೊಲದಾಗ ಗರಿಕೆ ಕೀಳಾಕ ಆಳು ಸಿಗವಲ್ವು, ನೀನು ಗರಿಕೆ ಬೆಳೆಸಾಕ ದುಬೈಗೆ ಹೊಂಟೀ?" ಅವರು ಹೇಳಿದ್ದು ಸರಿಯೇ. ಗಾಲ್ಫ್ ಕೋರ್ಸಿಗೆ ಹಾಕುವ ಬರ್ಮುಡಾ ತಳಿಗಳು ನಮ್ಮ ಗರಿಕೆಯ ಜಾತಿಯವೇ. ಬಿಸಿಲು ತಡೆಯುತ್ತದೆ, ತುಳಿದಷ್ಟೂ ಹಬ್ಬುತ್ತದೆ. ಅದಕ್ಕೇ ಮರಳುಗಾಡಿನಲ್ಲಿ ಅದು ಬೇಕು.

ದಾವಣಗೆರೆಯಲ್ಲಿ ಪರಿಚಯದವರ ಮೂಲಕ ಒಬ್ಬ ಏಜೆಂಟ್ ಸಿಕ್ಕ. 1 ಲಕ್ಷ 20 ಸಾವಿರ ಕೊಡು, ವಿಸಿಟ್ ವೀಸಾದಲ್ಲಿ ಕಳಿಸ್ತೀನಿ, ಅಲ್ಲಿ ಹೋದಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸ್ತಾರೆ ಅಂದ. ರಸೀದಿ ಕೊಡೋದಿಲ್ಲ, ಕಂಪನಿ ಹೆಸರೂ ಹೇಳೋದಿಲ್ಲ. ಸೂಪರ್‌ವೈಸರಿಗೆ ಫೋನ್ ಮಾಡಿದೆ. "ಅವನ ಹತ್ತಿರ ಸುಳಿಯಬೇಡ" ಅಂದರು. ಕಾನೂನು ಏನು ಹೇಳುತ್ತದೆ ಎನ್ನುವುದನ್ನೂ ಅವರೇ ಬಿಡಿಸಿ ಹೇಳಿದರು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಆಳು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಅಂಥ ಏಜೆಂಟ್ ನಮ್ಮಿಂದ ತೆಗೆದುಕೊಳ್ಳಬಹುದಾದ ಫೀಸು 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಟ್ಟು 35,400 ಆಗುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋದವನಿಗೆ ಅಲ್ಲಿ ಕೆಲಸ ಮಾಡುವ ಹಕ್ಕೇ ಇರುವುದಿಲ್ಲ. ಸಂಬಳ ಕೊಡದಿದ್ದರೆ ದೂರು ಕೊಡಲು ಕೈಯಲ್ಲಿ ಕಾಗದ ಇರುವುದಿಲ್ಲ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಹಾಗೆ ಹೋಗಿ, ಸಾಲ ತಲೆ ಮೇಲೆ ಹೊತ್ತು ವಾಪಸ್ ಬಂದಿದ್ದಾನೆ. ಅವರ ಮನೆಯವರ ಪರಿಸ್ಥಿತಿ ನೋಡಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪಟ್ಟಿ ನೋಡಿ ಬೆಂಗಳೂರಿನ ನೋಂದಾಯಿತ ಏಜೆನ್ಸಿಯೊಂದಕ್ಕೆ ಹೋದೆ. ಅವರು ಮೂರು ಕೇಳಿದರು: ಪಾಸ್‌ಪೋರ್ಟ್, ಅನುಭವ ಪತ್ರ, ಕೆಲಸ ಮಾಡುತ್ತಿರುವ ವಿಡಿಯೋ. ಕೈಯಲ್ಲಿ ಮೂರೂ ಇರಲಿಲ್ಲ.

ಪಾಸ್‌ಪೋರ್ಟಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ನಮ್ಮಲ್ಲಿ ಒಂದು ಹೆಸರು, ಒಂದು ಇನಿಶಿಯಲ್. ಅಡ್ಡಹೆಸರು ಅನ್ನುವುದು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಕೊಡುತ್ತಾರೆ. ಆದರೆ 2022ರ ನವೆಂಬರ್‌ನಿಂದ ಯುಎಇ (ದುಬೈ ಇರುವ ದೇಶ) ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರ ಪ್ರವೇಶಕ್ಕೆ ನಿರ್ಬಂಧ ಹಾಕಿದೆ. ಆದ್ದರಿಂದ ಅರ್ಜಿ ಹಾಕುವಾಗಲೇ ಎರಡೂ ಜಾಗ ತುಂಬಿ. ನಾನು ಅಪ್ಪನ ಹೆಸರನ್ನು ಅಡ್ಡಹೆಸರಾಗಿ ಬರೆಸಿದೆ.

ಅದಕ್ಕೆ ಮೊದಲು ಆಧಾರ್ ಸರಿಯಾಗಬೇಕಿತ್ತು. ಆಧಾರ್‌ನಲ್ಲಿ ಇನಿಶಿಯಲ್ ಮುಂದೆ ಇತ್ತು, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ. ಸ್ಪೆಲಿಂಗ್‌ನಲ್ಲೂ ಒಂದಕ್ಷರ ವ್ಯತ್ಯಾಸ. ನಾನು ಮಾಡಿಸಿದಾಗ ತಿದ್ದುಪಡಿಗೆ 50 ರೂಪಾಯಿ. ಒಂದು ಕೇಂದ್ರದಲ್ಲಿ ಸರ್ವರ್ ಇಲ್ಲ ಅಂದರು, ಇನ್ನೊಂದರಲ್ಲಿ ಟೋಕನ್ ಮುಗಿದಿದೆ ಅಂದರು. ಅರ್ಜಿ ಹೋದಮೇಲೂ ಒಂದು ಸಲ ದಾಖಲೆ ಸಾಲದು ಅಂತ ತಿರಸ್ಕಾರವಾಯಿತು. ಬೆಳಿಗ್ಗೆ ಬಸ್ಸಿಗೆ ದಾವಣಗೆರೆಗೆ ಬರುವುದು, ಸಂಜೆ ಬರಿಗೈಲಿ ಹೋಗುವುದು. ಬೇಸಿಗೆ ಬಿಸಿಲು ಬೇರೆ. ಅವ್ವ ಒಂದು ದಿನ, "ಅಷ್ಟೊಂದು ಅಲೆಯೋದಿದ್ರೆ ಬ್ಯಾಡ ಬಿಡಪ್ಪ" ಅಂದಳು. ಅವತ್ತು ಬಿಟ್ಟುಬಿಡೋಣ ಅಂತ ನನಗೂ ಅನಿಸಿತ್ತು. ಒಂದು ಎಚ್ಚರಿಕೆ: ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಸೈಬರ್ ಸೆಂಟರ್‌ನವರು ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ನೋಡಿಕೊಳ್ಳಿ.

ಆಧಾರ್ ಸರಿಹೋದ ಮೇಲೆ ಪಾಸ್‌ಪೋರ್ಟ್ ಸಲೀಸಾಯಿತು. ಫೀಸು 1,500 ರೂಪಾಯಿ, ಆನ್‌ಲೈನ್‌ನಲ್ಲೇ ಕಟ್ಟಬೇಕು. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಹೋಗುವ ಕೆಲಸ ಇರಲಿಲ್ಲ. ಪೊಲೀಸ್ ವೆರಿಫಿಕೇಷನ್ ಅರ್ಜಿಯಲ್ಲಿ ಬರೆದ ವಿಳಾಸಕ್ಕೇ ಬರುತ್ತದೆ. ನೀವು ಬೇರೆ ಕಡೆ ಬಾಡಿಗೆಗಿದ್ದರೆ ಇದನ್ನು ಮೊದಲೇ ಯೋಚಿಸಿ.

ನನ್ನ ಜೊತೆ ಜಗಳೂರು ಕಡೆಯ ಸ್ನೇಹಿತನೂ ಹೊರಟಿದ್ದ. ಅವನು ಹತ್ತನೇ ತರಗತಿ ಪಾಸಾಗಿಲ್ಲ. ಅಂಥವರಿಗೆ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಪಾಸ್‌ಪೋರ್ಟ್ ಕೊಡುತ್ತಾರೆ. ಯುಎಇ, ಸೌದಿ, ಕತಾರ್, ಕುವೈತ್ ಎಲ್ಲ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಇವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕು. ಅಂದರೆ ಅಲ್ಲಿನ ಕಂಪನಿ ಇ-ಮೈಗ್ರೇಟ್‌ನಲ್ಲಿ ನೋಂದಣಿಯಾಗಿರಬೇಕು, ಕರಾರು ಅದರಲ್ಲಿ ಹೋಗಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ವಿಮೆಗೆ ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಅವನಿಗೆ ಇದರಿಂದ ತಡವಾಯಿತು ನಿಜ. ಆದರೆ ಈ ದಾರಿಯಲ್ಲಿ ಹೋದವನ ಹೆಸರು, ಕಂಪನಿ, ಸಂಬಳ ಎಲ್ಲ ಸರ್ಕಾರದ ಹತ್ತಿರ ಇರುತ್ತದೆ. ತಡವಾದರೂ ಪರವಾಗಿಲ್ಲ, ಅಡ್ಡದಾರಿ ಹಿಡಿಯಬೇಡಿ.

ಅನುಭವ ಪತ್ರಕ್ಕೆ ಪಟ್ಟ ಕಷ್ಟ ಇನ್ನೊಂದು ಬಗೆಯದು. ನಾನು ಕೆಲಸ ಮಾಡಿದ ಗಾಲ್ಫ್ ಕೋರ್ಸಿನವರು, ನೀನು ನಮ್ಮ ನೌಕರ ಅಲ್ಲ, ಕಂಟ್ರಾಕ್ಟರನ್ನು ಕೇಳು ಅಂದರು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಆಫೀಸಿಗೆ ಹೋದರೆ ನಾಳೆ ಬಾ ಅಂದ. ಕೊನೆಗೆ ಕೊಟ್ಟ ಪತ್ರದಲ್ಲಿ "ಹೌಸ್‌ಕೀಪಿಂಗ್" ಅಂತ ಬರೆದಿತ್ತು. ಆ ಪತ್ರ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಸೂಪರ್‌ವೈಸರ್ ಮಧ್ಯೆ ಬಂದು ಮಾತಾಡಿದ ಮೇಲೆ ಗ್ರೀನ್ಸ್ ಕೆಲಸಗಾರ ಅಂತ ತಿದ್ದಿಸಿಕೊಂಡೆ. ಯಾವ ಯಾವ ಯಂತ್ರ ನಡೆಸಿದ್ದೇನೆ ಅನ್ನುವುದನ್ನೂ ಬರೆಸಿದೆ. ಈಗ ಬೆಂಗಳೂರು, ಮೈಸೂರು ಕಡೆ ಗಾಲ್ಫ್ ಕೋರ್ಸುಗಳಲ್ಲಿ ಇರುವ ನಮ್ಮವರಿಗೆ ಹೇಳುತ್ತೇನೆ: ಕೆಲಸದಲ್ಲಿರುವಾಗಲೇ ಪತ್ರ ಕೇಳಿ ಇಟ್ಟುಕೊಳ್ಳಿ. ಪಿಎಫ್ ಸ್ಲಿಪ್, ಐಡಿ ಕಾರ್ಡ್ ಜೋಪಾನ ಮಾಡಿ. ಬಿಟ್ಟಮೇಲೆ ಯಾರೂ ನಮ್ಮನ್ನು ತಿರುಗಿ ನೋಡುವುದಿಲ್ಲ.

ಇಂಟರ್ವ್ಯೂ ವಿಡಿಯೋ ಕಾಲ್‌ನಲ್ಲಿ ಆಯಿತು. ಹಿಂದಿ, ಸ್ವಲ್ಪ ಇಂಗ್ಲಿಷ್. ನನ್ನ ಹಿಂದಿ ಅಷ್ಟಕ್ಕಷ್ಟೆ, ಆದರೂ ಕೆಲಸದ ಮಾತು ಅರ್ಥವಾಗುತ್ತಿತ್ತು. ಕುಳಿಯ ಅಗಲ ಎಷ್ಟು ಅಂತ ಕೇಳಿದರು. ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಪ್ರಪಂಚದಲ್ಲಿ ಎಲ್ಲಿ ಹೋದರೂ ಅಷ್ಟೇ. ಗ್ರೀನ್ ಕತ್ತರಿಸುವ ಮೊದಲು ಏನು ಮಾಡ್ತೀಯ ಅಂದರು. ಸುತ್ತಾಡಿ ಕಲ್ಲು, ಕಡ್ಡಿ ತೆಗೆಯುತ್ತೇನೆ, ಚೆಂಡು ಬಿದ್ದ ಗುಳಿ ಸರಿಮಾಡುತ್ತೇನೆ, ಬಾವುಟ ತೆಗೆದಿಡುತ್ತೇನೆ, ನಿನ್ನೆ ಯಾವ ದಿಕ್ಕಿಗೆ ಕತ್ತರಿಸಿದ್ದರು ನೋಡಿ ಇವತ್ತು ಬೇರೆ ದಿಕ್ಕು ಹಿಡಿಯುತ್ತೇನೆ ಅಂದೆ. ಬ್ಲೇಡ್ ಹರಿತ ಇದೆಯೋ ಇಲ್ಲವೋ ಹೇಗೆ ನೋಡ್ತೀಯ ಅಂದರು. ಕಾಗದದ ಚೂರು ಕೊಟ್ಟು ತಿರುಗಿಸಿ ನೋಡುವುದು. ಮಷಿನ್‌ನಿಂದ ಎಣ್ಣೆ ಸೋರಿದರೆ? ತಕ್ಷಣ ಗ್ರೀನ್‌ನಿಂದ ಆಚೆ ತೆಗೆದುಕೊಂಡು ಹೋಗಿ ಸೂಪರ್‌ವೈಸರಿಗೆ ಹೇಳುತ್ತೇನೆ ಅಂದೆ. ಬಿಸಿ ಹೈಡ್ರಾಲಿಕ್ ಎಣ್ಣೆ ಬಿದ್ದ ಕಡೆ ಹುಲ್ಲು ಸುಟ್ಟುಹೋಗುತ್ತದೆ. ಓದಿಕೊಂಡು ಹೋಗಿ ಹೇಳುವ ಉತ್ತರಗಳಲ್ಲ ಇವು. ಇಲ್ಲಿ ಒಂದು ವರ್ಷವಾದರೂ ನಿಜವಾಗಿ ಕೆಲಸ ಮಾಡಿ ಹೋಗಿ.

ಆಫರ್ ಲೆಟರ್ ಬಂದಾಗ ನಿಧಾನವಾಗಿ ಓದಿ. ಅದು ಯುಎಇ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಇರಬೇಕು. ನನಗೆ ಕನ್ನಡದಲ್ಲಿ ಸಿಗಲಿಲ್ಲ, ಹಿಂದಿಯದು ತರಿಸಿಕೊಂಡು ತಿಳಿದವರ ಹತ್ತಿರ ಓದಿಸಿದೆ. ಎಲ್ಲರೂ ಒಟ್ಟು ಸಂಬಳ ನೋಡುತ್ತಾರೆ. ನೀವು ಮೂಲ ವೇತನ ನೋಡಿ. ಓವರ್‌ಟೈಮ್ ದುಡ್ಡು, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಎರಡೂ ಲೆಕ್ಕವಾಗುವುದು ಮೂಲ ವೇತನದ ಮೇಲೆ. ಮೂಲ ವೇತನ ಕಡಿಮೆ ಇಟ್ಟು ಭತ್ಯೆ ಜಾಸ್ತಿ ತೋರಿಸಿದರೆ ನಷ್ಟ ನಮಗೇ. ವಸತಿ ಯಾರದ್ದು, ಊಟ ಯಾರದ್ದು, ವಾರಕ್ಕೆ ಎಷ್ಟು ಗಂಟೆ ಅನ್ನುವುದೂ ಅದರಲ್ಲೇ ಇರುತ್ತದೆ. ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ವೀಸಾ, ನೇಮಕಾತಿ ಖರ್ಚನ್ನು ಅಲ್ಲಿನ ಕಂಪನಿ ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. 2021ರ ಕಾರ್ಮಿಕ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ.

ಸಹಿ ಹಾಕಿ, ಬೆಂಗಳೂರಿನಲ್ಲಿ ಮೆಡಿಕಲ್ ಮುಗಿಸಿ ಬಂದಮೇಲೆ ಕಾಯುವುದು ಶುರುವಾಯಿತು. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ. ಮುಂಗಾರು ಬಂತು. ಊರಿನವರೆಲ್ಲ ಮೆಕ್ಕೆಜೋಳ ಬಿತ್ತುತ್ತಿದ್ದರು. ಅಪ್ಪ ದಿನಾ ಕೇಳುತ್ತಿದ್ದರು, "ನೀನು ಇರ್ತೀಯೋ ಹೋಗ್ತೀಯೋ? ಎಡೆ ಹೊಡೆಯೋ ಹೊತ್ತಿಗೆ ಆಳು ಮಾತಾಡ್ಬೇಕು." ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನ ಕೆಲಸ ಬಿಟ್ಟಾಗಿತ್ತು, ಬೇರೆ ಕೆಲಸ ಹಿಡಿಯುವಂತಿರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿದೆ" ಅನ್ನುವುದೊಂದೇ ಮಾತು. ಊರಲ್ಲಿ ಎದುರು ಸಿಕ್ಕವರೆಲ್ಲ, "ಇನ್ನೂ ಹೋಗಿಲ್ವಾ?" ಅನ್ನುತ್ತಿದ್ದರು. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ವೀಸಾ ಪಿಡಿಎಫ್ ಬಂದ ದಿನ ಹೊಲದಲ್ಲಿ ಗೊಬ್ಬರ ಹಾಕುತ್ತಿದ್ದೆ. ಅಪ್ಪನಿಗೆ ತೋರಿಸಿದೆ. ಅವರು ಓದಲು ಬರದಿದ್ದರೂ ಸುಮಾರು ಹೊತ್ತು ಫೋನ್ ಹಿಡಿದುಕೊಂಡೇ ನಿಂತಿದ್ದರು.

ಏಜೆನ್ಸಿ ಫೀಸು ನಾನು ಕೊಟ್ಟಿದ್ದು ವೀಸಾ ಬಂದಮೇಲೆ, ಬ್ಯಾಂಕ್ ಖಾತೆಯಿಂದ, ರಸೀದಿ ತೆಗೆದುಕೊಂಡು. ಟಿಕೆಟ್ ಕಂಪನಿಯದ್ದು. ಮೆಡಿಕಲ್, ಪಾಸ್‌ಪೋರ್ಟ್, ಓಡಾಟ, ಬಟ್ಟೆ ಬೂಟು ಎಲ್ಲ ಸೇರಿ ಫೀಸಿನ ಹೊರಗೆ ಇನ್ನೊಂದು 15 ಸಾವಿರ ಆಸುಪಾಸು ಆಗಿರಬಹುದು. ಒಡವೆ ಅಡ ಇಡುವ ಕೆಲಸ ಬೀಳಲಿಲ್ಲ.

ಅಲ್ಲಿ ಇಳಿದ ಮೇಲೂ ಕಾಗದದ ಕೆಲಸ ಮುಗಿಯುವುದಿಲ್ಲ. ಮತ್ತೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ (ಅಲ್ಲಿನ ಗುರುತಿನ ಚೀಟಿ) ಬೆರಳಚ್ಚು. ಹಳೆಯ ಟಿಬಿ ಕಲೆ ಎಕ್ಸ್‌ರೇಯಲ್ಲಿ ಕಂಡರೂ ತೊಂದರೆಯಾಗಬಹುದು. ಮೊದಲು ಟಿಬಿ ಆಗಿದ್ದವರು ಇಲ್ಲೇ ಎಕ್ಸ್‌ರೇ ತೆಗೆಸಿ ಡಾಕ್ಟರ್ ಹತ್ತಿರ ತೋರಿಸಿ, ದುಡ್ಡು ಕಟ್ಟುವ ಮೊದಲೇ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ, ವೀಸಾ ಕೆಲಸ ಮುಗಿದಮೇಲೆ ಕೇಳಿ ತೆಗೆದುಕೊಳ್ಳಿ.

ನಾನು ಹೋದಾಗ ಆಗಸ್ಟ್. ಬೆಳಗಿನ ಜಾವವೇ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತಿತ್ತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮ ಇದೆ. ನಮ್ಮಲ್ಲಿ ಅದನ್ನು ಪಾಲಿಸಿದರು. ಆದರೂ ಮೊದಲ ವಾರಗಳಲ್ಲಿ ತಲೆ ಸುತ್ತುತ್ತಿತ್ತು. ನೀರು ಒಂದೇ ಸಾಲದು, ಓಆರ್‌ಎಸ್ ಕುಡಿಯುತ್ತಾ ಇರಬೇಕು.

ಆಮೇಲೆ ಬಂತು ನೋಡಿ ಬಿತ್ತನೆ. ಅವರು ಓವರ್‌ಸೀಡಿಂಗ್ ಅನ್ನುತ್ತಾರೆ. ಚಳಿಗಾಲದಲ್ಲಿ ರಾತ್ರಿ ತಂಪಾದರೆ ಬರ್ಮುಡಾ ಬೆಳೆಯುವುದು ನಿಧಾನವಾಗಿ, ಬಣ್ಣ ಮಾಸುತ್ತದೆ. ಆಟಗಾರರು ಜಾಸ್ತಿ ಬರುವುದೂ ಆಗಲೇ. ಅದಕ್ಕೆ ಅದರ ಮೇಲೆ ರೈ ಅನ್ನುವ ತಂಪು ದೇಶದ ಹುಲ್ಲಿನ ಬೀಜ ಬಿತ್ತುತ್ತಾರೆ. ಎಲ್ಲ ಕೋರ್ಸ್‌ಗಳಲ್ಲೂ ಮಾಡುವುದಿಲ್ಲ. ಪಾಸ್ಪಾಲಮ್ ಅನ್ನುವ ಹುಲ್ಲು ಇರುವ ಕಡೆ ಹೆಚ್ಚಾಗಿ ಬಿತ್ತದೆಯೇ ನಡೆಸುತ್ತಾರೆ. ನಮ್ಮಲ್ಲಿ ಮೊದಲು ಫೇರ್‌ವೇ ಬೋಳಿಸಿದೆವು. ಹಸಿರಾಗಿದ್ದ ಮೈದಾನ ನಾಲ್ಕು ದಿನದಲ್ಲಿ ಕಂದು ಬಣ್ಣಕ್ಕೆ ಬಂತು. ಬಿದ್ದ ಹುಲ್ಲನ್ನು ಟ್ರೈಲರ್‌ಗಟ್ಟಲೆ ತುಂಬಿ ಸಾಗಿಸಿದೆವು. ಬೀಜ ನೆಲಕ್ಕೆ ತಾಗಬೇಕಲ್ಲ, ಅದಕ್ಕೆ ಅಷ್ಟು ಬೋಳಿಸುವುದು. ಆಮೇಲೆ ಬೀಜ, ಆಮೇಲೆ ದಿನಕ್ಕೆ ಹಲವು ಸಲ ತೆಳುವಾಗಿ ನೀರು. ಮೇಲ್ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ನೀರು ಕೊಡುವ ಸರದಿಯಲ್ಲಿ ನನ್ನನ್ನು ಹಾಕಿದ್ದರು. ನಾಲೆ ನೀರಿಗೆ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ಕಾದು ಬೆಳೆದವನು ನಾನು. ಎಲ್ಲಿ ನೀರು ಕಮ್ಮಿಯಾಗಿದೆ ಅನ್ನುವುದು ನೋಡಿದರೆ ತಿಳಿಯುತ್ತಿತ್ತು. ಸ್ಪ್ರಿಂಕ್ಲರ್ ಕಟ್ಟಿಕೊಂಡಿದ್ದ ಕಡೆ ನಾನೇ ಮೊದಲು ಗುರುತಿಸಿದ್ದಕ್ಕೆ ಮೈದಾನದ ಉಸ್ತುವಾರಿಯ ಸೂಪರಿಂಟೆಂಡೆಂಟ್ ನನ್ನ ಹೆಸರು ಕೇಳಿಕೊಂಡು ಹೋದರು. ತುಂಬಾ ಖುಷಿಯಾಯಿತು.

ಆ ಸಮಯದಲ್ಲಿ ಬೂಟು ಒರೆಸಿಕೊಳ್ಳದೆ ಗ್ರೀನ್ ಮೇಲೆ ಕಾಲಿಡಬೇಡಿ. ಬೂಟಿಗೆ ಅಂಟಿದ ಬೀಜ ಬೇಡದ ಜಾಗದಲ್ಲಿ ಹುಟ್ಟುತ್ತದೆ, ಅದನ್ನು ಆಮೇಲೆ ಕೈಯಲ್ಲೇ ಕೀಳಬೇಕು. ಒಂದು ವಾರ ಆಗುವಷ್ಟರಲ್ಲಿ ಸೂಜಿಯಂಥ ಮೊಳಕೆ ಕಾಣಿಸುತ್ತದೆ. ಮೊದಲ ಸಲ ಕತ್ತರಿಸುವಾಗ ಬ್ಲೇಡ್ ಹರಿತವಿರಬೇಕು, ಇಲ್ಲದಿದ್ದರೆ ಎಳೆ ಹುಲ್ಲು ಬೇರುಸಹಿತ ಬರುತ್ತದೆ. ನವೆಂಬರ್ ಹೊತ್ತಿಗೆ ಮೈದಾನ ಮತ್ತೆ ಹಸಿರಾಗಿತ್ತು. ಅಲ್ಲಿಂದ ಏಪ್ರಿಲ್‌ವರೆಗೆ ಬಿಡುವೇ ಇಲ್ಲ. ಕತ್ತಲಿರುವಾಗಲೇ ಲೈಟ್ ಹಾಕಿಕೊಂಡು ಗ್ರೀನ್ ಕತ್ತರಿಸಿ, ಮೊದಲ ಆಟಗಾರ ಬರುವಷ್ಟರಲ್ಲಿ ಮುಂದೆ ಹೋಗಿರಬೇಕು. ಮೇ ಬಂದು ಬಿಸಿಲೇರಿದಾಗ ರೈ ಸಾಯುತ್ತದೆ, ಅಡಿಯಲ್ಲಿದ್ದ ಬರ್ಮುಡಾ ಮೇಲೇಳುತ್ತದೆ. ರಜೆ ಸಿಗುವುದು ಆಮೇಲೆ.

ಸಂಬಳ ಬ್ಯಾಂಕಿಗೇ ಬರುತ್ತದೆ. ನನಗೆ ತಿಂಗಳಿಗೆ 1,400 ದಿರ್ಹಮ್ (ಅಲ್ಲಿನ ಹಣ), ವಸತಿ ಕಂಪನಿಯದ್ದು, ಊಟ ನಮ್ಮದು. ನಾಲ್ಕು ಜನ ಸೇರಿ ಅಡುಗೆ ಮಾಡಿಕೊಂಡರೆ ಖರ್ಚು ತಗ್ಗುತ್ತದೆ. ಮೊದಲ ತಿಂಗಳು ಸಂಬಳ ಕೈಗೆ ಬರಲು ತಡವಾಗುತ್ತದೆ, ಖರ್ಚಿಗೆ 300 ದಿರ್ಹಮ್ ಆದರೂ ಇಟ್ಟುಕೊಂಡು ಹೋಗಿ.

ಈ ವರ್ಷದ ಬಿತ್ತನೆಗೆ ಹೋಗುತ್ತೇನೆ ಅನ್ನುವವರಿಗೆ ಕಾಲ ಮೀರಿದೆ. ಅವಸರದಲ್ಲಿ ಕಳಿಸ್ತೀನಿ ಅನ್ನುವವರನ್ನು ನಂಬಬೇಡಿ. ಈಗ ಮಾಡಬಹುದಾದ ಕೆಲಸ ಬೇರೆ ಇದೆ. ಆಧಾರ್, ಮಾರ್ಕ್ಸ್ ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ದೀಪಾವಳಿಯೊಳಗೆ ಅದನ್ನು ಸರಿಮಾಡಿಸಿ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ. ಗಾಲ್ಫ್ ಕೋರ್ಸಿನಲ್ಲಿ ಕೆಲಸ ಮಾಡಿ ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಸೇರಿ ಮೋವರ್ ಹಿಡಿಯುವುದು ಕಲಿಯಿರಿ. ಆಫರ್ ಲೆಟರ್ ಬಂದು ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ನನಗೆ ಕಳಿಸಿ, ಓದಿ ಹೇಳುತ್ತೇನೆ. ಆಗಸ್ಟ್ ಮೊದಲ ವಾರದವರೆಗೆ ಊರಲ್ಲೇ ಇರುತ್ತೇನೆ.